ಊಟಿಯಲ್ಲಿ 'ಕ್ಯಾರೆಟ್ ಕೀಳುವ ಟೂರ್'ಗೆ ದುಡ್ಡು ಕೊಡುವ ಮುಂಚೆ

ಊಟಿಯಿಂದ ಕೇತ್ತಿ ಕಣಿವೆ ಕಡೆ ಹೋಗುವಾಗ ಡ್ರೈವರ್ "ಆರ್ಗ್ಯಾನಿಕ್ ತೋಟ ಇದೆ, ಕ್ಯಾರೆಟ್ ನೀವೇ ಕಿತ್ಕೋಬಹುದು" ಅಂದರೆ ಸ್ವಲ್ಪ ಯೋಚಿಸಿ. ನಮ್ಮ ಹತ್ತಿರ ತಲೆಗೆ 200 ರೂಪಾಯಿ ಕಿತ್ತರು.

ಮೊದಲು ಟ್ರೇಯಲ್ಲಿದ್ದ ಸಸಿ ತೋರಿಸಿ "ಕ್ಯಾರೆಟ್ ನರ್ಸರಿ" ಅಂದರು. ಅಮ್ಮ ಕೋಲಾರದ ಕಡೆ ತರಕಾರಿ ಬೆಳೆದವರು, ಅಲ್ಲೇ ನಕ್ಕುಬಿಟ್ಟರು. ಕ್ಯಾರೆಟ್ ಬೀಜವನ್ನು ನೇರವಾಗಿ ಪಾತಿಗೇ ಹಾಕುತ್ತಾರೆ. ಸಸಿ ಕಿತ್ತು ನೆಟ್ಟರೆ ತಾಯಿಬೇರಿಗೆ ಪೆಟ್ಟಾಗಿ ಗಡ್ಡೆ ಕವಲೊಡೆಯುತ್ತದೆ. ಟ್ರೇಯಲ್ಲಿದ್ದದ್ದು ಎಲೆಕೋಸು!

ಆಮೇಲೆ ಕೀಳುವ ಪಾತಿ. ಸೊಪ್ಪು ಬಾಡಿ ಜೋತುಬಿದ್ದಿತ್ತು. ಮಗಳು ಎರಡು ಬೆರಳಲ್ಲಿ ಎಳೆದರೆ ಬಂದೇಬಿಟ್ಟಿತು. ನೆಲದಲ್ಲೇ ಬೆಳೆದ ಕ್ಯಾರೆಟ್ಟಿನ ಸಣ್ಣ ಬೇರುಗಳಿಗೆ ಮಣ್ಣು ಕಚ್ಚಿಕೊಂಡಿರುತ್ತದೆ, ಅಲ್ವಾ? ಇದು ಥಳಥಳ ಹೊಳೆಯುತ್ತಿತ್ತು. ನೀಲಗಿರಿಯಲ್ಲಿ ಮಷೀನಿನಲ್ಲಿ ತೊಳೆದು ಮೆಟ್ಟುಪಾಳ್ಯಂ ಮಂಡಿಗೆ ಕಳಿಸುತ್ತಾರಲ್ಲ, ಅಂಥದ್ದನ್ನೇ ತಂದು ಮಣ್ಣಿಗೆ ಚುಚ್ಚಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮೇಲಿನ ಪಾತಿಯಲ್ಲಿ ಔಷಧಿ ಹೊಡೆಯುತ್ತಿದ್ದರು, ಗಾಳಿ ನಮ್ಮ ಕಡೆಗೇ. ಕೇಳಿದರೆ "ಬೇವಿನೆಣ್ಣೆ ಸಾರ್". ಬದುವಿನ ಮೇಲೆ ಬಿದ್ದಿದ್ದ ಬಾಟಲಿಯಲ್ಲಿ ಹಳದಿ ತ್ರಿಕೋನ ಇತ್ತು. ಕೀಟನಾಶಕದ ಲೇಬಲ್ಲಿನಲ್ಲಿ ಕೆಂಪು ಅತಿ ಘೋರ ವಿಷ, ಅದರ ನಂತರದ್ದೇ ಹಳದಿ. ನೀಲಿ, ಹಸಿರು ಅದಕ್ಕಿಂತ ಕಡಿಮೆ. ಇಂಥ ಜಾಗದಲ್ಲಿ ಮಗುವಿಗೆ "ಕ್ಯಾರೆಟ್ ಕಚ್ಚು ಪಾಪ, ಫೋಟೋ ತೆಗೀತೀನಿ" ಬೇರೆ! ಸಂಜೆ ಅವಳಿಗೆ ಕಣ್ಣುರಿ, ವಾಂತಿ. ಡಾಕ್ಟರ್ ಹತ್ತಿರ ಓಡಬೇಕಾಯಿತು. ದುಡ್ಡು ವಾಪಸ್ ಕೇಳಿದರೆ ತೋಟದವರು ಡ್ರೈವರನ್ನು ತೋರಿಸಿದರು, ಡ್ರೈವರ್ ತೋಟದವರನ್ನು.

ಅಲ್ಲಿನ ರೈತರೆಲ್ಲ ಹೀಗೆ ಅಂತ ಖಂಡಿತ ಹೇಳುತ್ತಿಲ್ಲ. ಕೆಳಗೆ ಬೆಳ್ಳುಳ್ಳಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಬಡಗ ಸಮುದಾಯದ ಅಜ್ಜಿಯೊಬ್ಬರು ಕಾಟಿ (ಕಾಡುಕೋಣ) ನುಗ್ಗುವ ದಾರಿ ತೋರಿಸಿದರು. ಚಳಿಗಾಲದ ಹಿಮಕ್ಕೆ ಎಲೆ ಹೇಗೆ ಸುಟ್ಟುಹೋಗುತ್ತದೆ ಅಂತಲೂ ಹೇಳಿದರು. ಬಡಗ ಮಾತು ಕನ್ನಡಕ್ಕೆ ಎಷ್ಟು ಹತ್ತಿರ ಅಂದರೆ ಅರ್ಧಕ್ಕರ್ಧ ನಮಗೆ ಅರ್ಥವಾಯಿತು. ಒಂದು ಪೈಸೆಯನ್ನೂ ಅವರು ಕೇಳಲಿಲ್ಲ.

ಹೋಗುವುದಾದರೆ ಔಷಧಿ ಯಾವತ್ತು ಹೊಡೆದಿದ್ದು ಅಂತ ಮೊದಲೇ ಕೇಳಿ. ಉತ್ತರ ತಡವರಿಸಿದರೆ ಒಳಗೆ ಹೋಗಬೇಡಿ. ಹೊಲದಲ್ಲಿ ಏನನ್ನೂ ಬಾಯಿಗೆ ಹಾಕಬೇಡಿ. ನಮಗೆ ಮಣ್ಣು ಮೆತ್ತಿದ ಆಲೂಗಡ್ಡೆಯನ್ನು "ಮನೇಲಿ ಬಿತ್ತಿ" ಅಂತಲೂ ಕೊಡಲು ಬಂದರು. ಅದಂತೂ ಬೇಡವೇ ಬೇಡ. ಆಲೂಗಡ್ಡೆ ಬೇರನ್ನು ಹಾಳುಮಾಡುವ ಚಿನ್ನದ ಬಣ್ಣದ ಜಂತುಹುಳು ಭಾರತದಲ್ಲಿ ಮೊದಲು ಸಿಕ್ಕಿದ್ದು ನೀಲಗಿರಿಯಲ್ಲೇ, 1961ರಲ್ಲಿ. ಅದು ಹರಡುವುದು ಮಣ್ಣಿನ ಜೊತೆ. ಹಾಸನದ ಕಡೆ ಆಲೂಗಡ್ಡೆ ಹಾಕುವವರಾದರೆ ಬೂಟಿಗೆ ಅಂಟಿದ ಮಣ್ಣನ್ನೂ ಅಲ್ಲೇ ತೊಳೆದು ಬನ್ನಿ.