ಹಳೇ ಲ್ಯಾಪ್‌ಟಾಪ್‌ಗೆ ವೈಫೈ ಕಾರ್ಡ್: ಓರಿನೋಕೋ ಕೊಳ್ಳುವುದೋ, ಪ್ರಿಸಂ ಕೊಳ್ಳುವುದೋ?

ಎರಡೂ 802.11ಬಿ ಎಂಬ ಹಳೇ ವೈಫೈ ಮಾನದಂಡದ ಕಾಲದ 16 ಬಿಟ್ ಪಿಸಿ ಕಾರ್ಡ್‌ಗಳೇ, ಅಂದರೆ ಲ್ಯಾಪ್‌ಟಾಪ್‌ನ ಪಕ್ಕದ ಸ್ಲಾಟಿಗೆ ತೂರಿಸುವಂಥವು. ಪೆಟ್ಟಿಗೆಯ ಮೇಲೆ 11 ಎಂಬಿಪಿಎಸ್ ಎಂದಿದ್ದರೂ ಕೈಗೆ ಸಿಗುವುದು ಹೆಚ್ಚೆಂದರೆ 5ರ ಆಸುಪಾಸು.

ವಿಂಡೋಸ್ 98 ಯಂತ್ರದಲ್ಲಿ ಹೆಚ್ಚು ತಲೆನೋವಿಲ್ಲದೆ ನೆಟ್ ಬೇಕೆಂದರೆ ಲ್ಯೂಸೆಂಟ್‌ನ ಓರಿನೋಕೋ ಸಾಕು. ಅದರಲ್ಲಿ ಸಿಲ್ವರ್ ಮಾದರಿ ಬಿಟ್ಟು ಗೋಲ್ಡ್ ಹುಡುಕಿ. ಸಿಲ್ವರ್‌ನಲ್ಲಿ 64 ಬಿಟ್ ವೆಪ್ (ವೈಫೈನ ಹಳೇ ಗೂಢಲಿಪಿ ವಿಧಾನ) ಮಾತ್ರ, ಗೋಲ್ಡ್‌ನಲ್ಲಿ 128. ಆದರೆ ವೆಪ್ ಎಷ್ಟು ಬಿಟ್ ಇದ್ದರೂ ಒಡೆಯುವುದು ಸುಲಭ. ಹೊರಗಿನ ಆಂಟೆನಾಕ್ಕೆ ಜಾಗವಿದೆ, ಕನೆಕ್ಟರ್ ಮಾತ್ರ ಲ್ಯೂಸೆಂಟ್‌ನದೇ ತರಹದ್ದು. ಕಾರ್ಡಿಗೂ ಆಂಟೆನಾಕ್ಕೂ ನಡುವೆ ಹಾಕುವ ಪಿಗ್‌ಟೇಲ್ ಕೇಬಲ್ ಬೇರೆ ಹುಡುಕಬೇಕು.

ಲಿನಕ್ಸ್ ಹಾಕಿದ್ದರೆ ನನ್ನ ಓಟು ಪ್ರಿಸಂ 2.5 ಚಿಪ್ ಇರುವ ಕಾರ್ಡಿಗೆ. ಹೋಸ್ಟ್‌ಎಪಿ ಡ್ರೈವರ್ ಇದ್ದರೆ ಕಾರ್ಡೇ ಬೇರೆ ಯಂತ್ರಗಳಿಗೆ ವೈಫೈ ಹಂಚುವ ಆಕ್ಸೆಸ್ ಪಾಯಿಂಟ್ ಆಗುತ್ತದೆ. ವೆಪ್‌ಗಿಂತ ಭದ್ರವಾದ ಡಬ್ಲ್ಯುಪಿಎ ಬೇಕಿದ್ದರೆ ಕಾರ್ಡಿನೊಳಗಿನ ಸ್ಟೇಷನ್ ಫರ್ಮ್‌ವೇರ್ 1.7.0 ಅಥವಾ ಅದಕ್ಕಿಂತ ಹೊಸದಿರಲಿ. ಇದೇ ಚಿಪ್‌ನ, 200 ಮಿಲಿವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸುವ ಸೆನಾವೋ ಕಂಪನಿಯ ಕಾರ್ಡ್ ಸಿಕ್ಕರೆ ಬಿಡಬೇಡಿ. ಅದರ ಎಕ್ಸ್‌ಟಿ2 (EXT2) ಮಾದರಿಗೆ ಒಳಗೆ ಆಂಟೆನಾ ಇರುವುದಿಲ್ಲ, ಅದು ನೆನಪಿರಲಿ.

ಕಾರ್ಡಿನ ತುದಿಯಲ್ಲಿ ಉಬ್ಬುಗಳಿರುವ ಚಿನ್ನದ ಬಣ್ಣದ ಪಟ್ಟಿ ಕಂಡರೆ ಅದು 32 ಬಿಟ್‌ನ ಕಾರ್ಡ್‌ಬಸ್ ಕಾರ್ಡ್. 16 ಬಿಟ್ ಸ್ಲಾಟಿಗೆ ಹೋಗದು, ಒತ್ತಿ ತುರುಕಬೇಡಿ. ಡಬ್ಲ್ಯುಪಿಎ2 ಮಾತ್ರ ಒಪ್ಪುವ ಮನೆಯ ರೂಟರ್ ವೆಪ್ ಮಾತ್ರ ಬಲ್ಲ ಕಾರ್ಡನ್ನು ಸೇರಿಸಿಕೊಳ್ಳದು. ಅದಕ್ಕೆಂದೇ ಹಳೇ ರೂಟರ್ ಒಂದನ್ನು ಪ್ರತ್ಯೇಕವಾಗಿ ಇಟ್ಟು, ಕೆಲಸ ಮುಗಿದೊಡನೆ ಆಫ್ ಮಾಡಿಬಿಡಿ.