ಎಸ್‌ಪಿಎಸ್‌ಎಸ್ ಅಥವಾ ಆರ್: ಮೊದಲ ಸಂಶೋಧನೆಗೆ ಯಾವುದು?

ಕೋಲಾರದ ಟೊಮೆಟೊ ಬೆಳೆಗಾರರ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬಂದ ಪಿಎಚ್.ಡಿ. ವಿದ್ಯಾರ್ಥಿಯನ್ನು ಮುಂದೆ ಕಾಡುವುದು ಅಂಕಿಅಂಶ ವಿಶ್ಲೇಷಿಸುವ ತಂತ್ರಾಂಶದ ಆಯ್ಕೆ.

1968ರಲ್ಲಿ ಬಂದ, ಈಗ ಐಬಿಎಂ ಒಡೆತನದಲ್ಲಿರುವ ಎಸ್‌ಪಿಎಸ್‌ಎಸ್ ತೆರೆದರೆ ಎಕ್ಸೆಲ್‌ನಂಥದೇ ಹಾಳೆ ಕಾಣುತ್ತದೆ. ಮೆನುವಿನಲ್ಲಿ ಆರಿಸಿಯೇ ಟಿ-ಪರೀಕ್ಷೆ (ಎರಡು ಗುಂಪುಗಳ ಸರಾಸರಿಯ ಹೋಲಿಕೆ) ಮಾಡಬಹುದಾದ್ದರಿಂದ ಮೊದಲ ದಿನವೇ ಕೋಷ್ಟಕ ಕೈಗೆ ಸಿಗುತ್ತದೆ. ಆದರೆ ಪರವಾನಗಿಗೆ ಹಣ ತೆರಬೇಕು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ರೂಪಿಸಿದ ಆರ್ ಸಂಪೂರ್ಣ ಉಚಿತ. ಅಲ್ಲಿ ಆಜ್ಞೆಗಳನ್ನು ಬರೆದು ಕೆಲಸ ಮಾಡಿಸಬೇಕು.

ನಿಜವಾದ ವ್ಯತ್ಯಾಸ ತಿಳಿಯುವುದು ದತ್ತಾಂಶ ಶುದ್ಧಗೊಳಿಸುವಾಗ. ವಯಸ್ಸು ಹೇಳದ ರೈತರಿಗೆ 999 ಎಂದು ತುಂಬಿದ್ದರೆ, ಎಸ್‌ಪಿಎಸ್‌ಎಸ್‌ನ ವೇರಿಯಬಲ್ ವ್ಯೂನಲ್ಲಿ (ಪ್ರತಿ ಪ್ರಶ್ನೆಯ ವಿವರ ನಮೂದಿಸುವ ಹಾಳೆಯಲ್ಲಿ) ಅದು ಬಿಟ್ಟುಹೋದ ಉತ್ತರವೆಂದು ಗುರುತಿಸದ ಹೊರತು ಸರಾಸರಿ ವಯಸ್ಸು ಸದ್ದಿಲ್ಲದೆ ಏರಿಬಿಡುತ್ತದೆ. ಆರ್ ಕೂಡ 999ನ್ನು ತಾನಾಗಿ ಅನುಮಾನಿಸದು. ಆದರೆ ಅದನ್ನು ‘ಎನ್‌ಎ’ (ಉತ್ತರ ಲಭ್ಯವಿಲ್ಲ) ಎಂದು ಬದಲಿಸಿದ ಮೇಲೆ, ಅಂಥವನ್ನು ಕೈಬಿಡು ಎಂದು ನಾವೇ ಬರೆಯುವವರೆಗೂ ಸರಾಸರಿಯ ಜಾಗದಲ್ಲಿ ‘ಎನ್‌ಎ’ ಎಂದೇ ತೋರಿಸುತ್ತದೆ. ಈ ಹಟವೇ ಹೊಸಬರನ್ನು ಕಾಪಾಡುತ್ತದೆಂದು ನನ್ನ ನಂಬಿಕೆ.

ಪ್ರಬಂಧ ಸಲ್ಲಿಸಲು ಎರಡೇ ತಿಂಗಳಿದ್ದು, ವಿಭಾಗದಲ್ಲಿ ಪರವಾನಗಿಯೂ ಇದ್ದರೆ ಎಸ್‌ಪಿಎಸ್‌ಎಸ್ ಸಾಕು; ಆಗಲೂ ‘ಪೇಸ್ಟ್’ ಗುಂಡಿ ಒತ್ತಿ ಪ್ರತಿ ಹೆಜ್ಜೆಯ ಆಜ್ಞೆಯನ್ನು ಉಳಿಸಿಟ್ಟುಕೊಳ್ಳಿ, ಮಾರ್ಗದರ್ಶಕರು ಕೇಳಿದಾಗ ಅದೇ ಲೆಕ್ಕ ಮತ್ತೆ ಮಾಡಿ ತೋರಿಸಬಹುದು. ಮೊದಲ ವರ್ಷದಲ್ಲಿರುವವರು ಆರ್ ಕಲಿಯಲಿ. ಆಜ್ಞೆ ಬರೆಯಲು ಅಂಜಿಕೆಯಾದರೆ, ಆರ್ ಮೇಲೆಯೇ ಕಟ್ಟಿದ, ಮೆನುಗಳಿರುವ ಉಚಿತ ಜಮೋವಿಯಿಂದ ಆರಂಭಿಸಬಹುದು.