ಗೂಗಲ್ ಸ್ಕಾಲರ್‌ನಲ್ಲಿ ಕೆರೆಯ ಹುಡುಕಾಟ: ಒಂದು ವಿಮರ್ಶೆ

ಕರ್ನಾಟಕದ ಕೆರೆ ನೀರಾವರಿಯನ್ನು ಕುರಿತು ಸಂಶೋಧನ ಪ್ರಬಂಧ ಸಿದ್ಧಪಡಿಸುತ್ತಿರುವ ನಾನು ಆಕರಗಳಿಗಾಗಿ ಹೆಚ್ಚು ಅವಲಂಬಿಸಿರುವುದು ವಿದ್ವತ್ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರನ್ನು. 2004ರ ನವೆಂಬರಿನಲ್ಲಿ ಆರಂಭವಾದ ಈ ಉಚಿತ ಸೇವೆ ದೊಡ್ಡ ಗ್ರಂಥಾಲಯಗಳಿಂದ ದೂರವಿರುವವರಿಗೆ ನಿಜವಾದ ಆಸರೆ. ಆದರೆ ಅಲ್ಲಿ ದೊರೆಯುವುದು ನಾವು ಕೊಟ್ಟ ಪದಕ್ಕೆ ತಕ್ಕ ಫಲ ಎಂಬುದನ್ನು ಅರಿಯಲು ನನಗೆ ಸಾಕಷ್ಟು ಕಾಲ ಹಿಡಿಯಿತು.

ಮೊದಲು ಇಂಗ್ಲಿಷಿನಲ್ಲಿ 'ಲೇಕ್' ಎಂದು ಬರೆದು ಹುಡುಕಿದಾಗ ಜಲಮಾಲಿನ್ಯ, ಪಾಚಿ, ಮೀನುಗಳ ಅಧ್ಯಯನಗಳೇ ಸಾಲುಗಟ್ಟಿದವು. ದಕ್ಷಿಣ ಭಾರತದ ನೀರಾವರಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವ ವಿದ್ವಾಂಸರು ಬ್ರಿಟಿಷರ ಕಾಲದಿಂದಲೂ ಕೆರೆಯನ್ನು 'ಟ್ಯಾಂಕ್' ಎಂದು ಕರೆಯುತ್ತ ಬಂದಿದ್ದಾರೆ. ಬರಿಯ 'ಟ್ಯಾಂಕ್' ಎಂದರೆ ನೀರಿನ ತೊಟ್ಟಿಯಿಂದ ಯುದ್ಧದ ವಾಹನದವರೆಗೆ ಎಲ್ಲವೂ ಬರುವುದರಿಂದ, 'ಟ್ಯಾಂಕ್ ಇರಿಗೇಶನ್' ಎಂಬ ಜೋಡಿಪದವನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟು ಜೊತೆಗೆ ರಾಜ್ಯದ ಹೆಸರನ್ನು ಸೇರಿಸಿದೆ; ಹೂಳೆತ್ತುವಿಕೆ, ಅಚ್ಚುಕಟ್ಟಿನ ನೀರು ಹಂಚಿಕೆ, ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿಗಳ ಕೆಲಸ ಇವುಗಳ ಬಗೆಗಿನ ಲೇಖನಗಳು ಆಗ ಕಣ್ಣಿಗೆ ಬಿದ್ದವು.

ರಾಜ್ಯದ ಹೆಸರಿನಲ್ಲೂ ಒಂದು ತೊಡಕಿದೆ. 1973ರ ನವೆಂಬರ್ 1ರವರೆಗೆ ಅದು ಮೈಸೂರು ರಾಜ್ಯವಾಗಿದ್ದುದರಿಂದ ಹಲವು ಹಳೆಯ ಬರಹಗಳು 'ಕರ್ನಾಟಕ' ಎಂಬ ಪದಕ್ಕೆ ಸಿಕ್ಕುವುದಿಲ್ಲ. ಎರಡು ಹೆಸರುಗಳ ನಡುವೆ, 'ಅಥವಾ' ಎಂಬರ್ಥದ ಇಂಗ್ಲಿಷಿನ 'ಆರ್' ಪದವನ್ನು ದೊಡ್ಡಕ್ಷರಗಳಲ್ಲಿ ಬರೆದರೆ ಎರಡೂ ಒಮ್ಮೆಗೇ ದೊರೆಯುತ್ತವೆ. 'ನೀರುಗಂಟಿ'ಯಂಥ ಪದವನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ ಅಲ್ಲಿಯೂ ಇದೇ ಉಪಾಯ ಬೇಕು.

ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದುದು, ಒಂದು ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆಂದು ಅದರ ಕೆಳಗೇ ತೋರಿಸುವ ಕೊಂಡಿ. ಅದರ ಜಾಡು ಹಿಡಿದು ಹೊಸ ಲೇಖನಗಳ ಸಾರಾಂಶಗಳನ್ನು ಓದುತ್ತಿದ್ದಾಗ, ಅರ್ಥಶಾಸ್ತ್ರಜ್ಞರು ಕೆರೆಗಳನ್ನು 'ಕಾಮನ್ ಪೂಲ್ ರಿಸೋರ್ಸಸ್', ಅಂದರೆ ಸಾಮೂಹಿಕ ಸಂಪನ್ಮೂಲಗಳು, ಎಂಬ ಹೆಸರಿನಡಿ ಚರ್ಚಿಸುತ್ತಾರೆಂಬುದು ತಿಳಿಯಿತು. ನಾನಾಗಿ ಊಹಿಸಿ ಆ ಪದವನ್ನು ಎಂದೂ ತಲುಪುತ್ತಿರಲಿಲ್ಲ.

ವೈದ್ಯಕೀಯ ಕ್ಷೇತ್ರದ ಪಬ್‌ಮೆಡ್‌ನಲ್ಲಿರುವಂತೆ ಲೇಖನಗಳಿಗೆ ನಿಗದಿತ ವಿಷಯಶೀರ್ಷಿಕೆಗಳನ್ನು ಕೊಡುವ ಏರ್ಪಾಡು ಇಲ್ಲಿಲ್ಲವಾದ್ದರಿಂದ ಪರ್ಯಾಯ ಪದಗಳನ್ನು ನಾವೇ ಕಲೆಹಾಕಬೇಕು. ನಾನು ಪದ, ಅದರ ಬೇರೆ ಬೇರೆ ಕಾಗುಣಿತ, ಹಾಕಿದ ವರ್ಷಮಿತಿ ಇವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಭಾರತೀಯ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳಿರುವ ಶೋಧಗಂಗಾದಲ್ಲಿಯೂ ಈಗ ಅದೇ ಪಟ್ಟಿಯನ್ನು ಬಳಸುತ್ತಿದ್ದೇನೆ. ಕನ್ನಡದಲ್ಲೇ ಬರೆದ ಪ್ರಬಂಧಗಳೂ ಅಲ್ಲಿರುವುದರಿಂದ 'ಕೆರೆ' ಎಂಬ ಪದವೂ ಪಟ್ಟಿಗೆ ಮರಳಿ ಸೇರಿದೆ.